ಟೀಚರ್ ಮಾಡಿಸಿದ ಮರಿಗಳು

ಕೊಂಡಾಪುರದ ಬಸ್ ನಿಲ್ದಾಣದಲ್ಲಿ ಕೂಲಿ ಕೆಲಸಕ್ಕೆ ಹೊರಟ ಇಬ್ಬರು ಹೆಂಗಸರು ನನ್ನ ಪಕ್ಕದಲ್ಲೇ ಮಾತಾಡುತ್ತಿದ್ದರು.

“ಗಂಗಾ, ನಿನ್ನ ಮಗಳ ಸಾಲ್ಯಾಗ ತತ್ತಿ ಒಡದು ಮರಿ ಬಂದಾವಂತಲ್ಲ?”

“ಬಂದಾವ. ಟೀಚರ್ ಕ್ಲಾಸಿನಾಗ ಪೆಟ್ಟಿಗ್ಯಾಗ ತತ್ತಿ ಇಟ್ಟು ಬಲ್ಬ್ ಹಚ್ಚಿದ್ರಂತ. ಈಗ ಮನ್ಯಾಗ ಬರೇ ಟೀಚರ್ದ ಮಾತು.”

“ಛಲೋ ಆತಲ್ಲ.”

“ನಮ್ಮ ಕೋಳಿ ಕಾವಿಗೆ ಕುಂತಾಗ ಹೊಳ್ಳಿ ನೋಡಿರಲಿಲ್ಲ ಅಕಿ. ಈಗ ಟೀಚರ್ ಹಂಗ ಜಡಿ ಹಾಕು ಅಂತಾಳ.”

“ಸಣ್ಣಾಕಿ, ಬಿಡು.”

“ಏನ್ ಬಿಡ್ತಿ, ಗದಿಗೆಮ್ಮ? ನಿನ್ನೆ ಉಣ್ಣಾಕ ಕುಂತಾಗ ನನಗ ‘ಟೀಚರ್, ಸಾರು ಹಾಕ್ರಿ’ ಅಂದ್ಲು.”

ಗದಿಗೆಮ್ಮ ನಕ್ಕಳು. ಗಂಗಾ ನಗಲಿಲ್ಲ. ಅಷ್ಟರಲ್ಲಿ ಬಸ್ ಬಂತು.

“ಸಾರು ಹಾಕಿದೇನ ಮತ್ತ?”

ಗಂಗಾ ಬುತ್ತಿ ಚೀಲ ಎತ್ತಿಕೊಂಡು ಬಸ್ ಹತ್ತಿದಳು.

“ಅವ್ವಾ ಅನ್ನೋ ತನಕ ಹಾಕಲಿಲ್ಲ.”