ಒಂದೇ ಹೆಸರಿನ ಎರಡು ತಂಡ

ನೈರೋಬಿಯ ಹರ್ಲಿಂಗ್‌ಹ್ಯಾಮ್‌ನ ವಕೀಲರ ಕಚೇರಿಯಲ್ಲಿ ಮನೆ ಬಾಡಿಗೆಯ ಕರಾರಿಗಾಗಿ ಕಾದು ಕಾದು ತೇಜಸ್ವಿನಿಗೆ ಸಾಕಾಗಿತ್ತು. ಎದುರಿನ ಸೋಫಾದ ಎರಡು ತುದಿಗಳಲ್ಲಿ ಕುಳಿತಿದ್ದ ಗಂಡ ಹೆಂಡತಿ, ಇಲ್ಲಿ ಯಾರಿಗೆ ಕನ್ನಡ ಬರುತ್ತದೆ ಎಂಬ ಧೈರ್ಯದಲ್ಲಿ ಮಾತಾಡುತ್ತಿದ್ದರು. ಗಂಡನ ಕೈಯಲ್ಲಿ ಪೇಪರ್ ಇತ್ತು.

“ಸುಮತಿ, ನಮ್ಮ ಮೆಚ್ಚಿನ ಆ ಇಂಗ್ಲೆಂಡಿನ ರೆಗೆ ಸಂಗೀತದ ತಂಡ ನೈರೋಬಿಗೆ ಬರ್ತಿದೆಯಂತೆ.”

“ಯಾವುದು? ಅಣ್ಣಂದೋ, ತಮ್ಮಂದೋ?”

“ಅಣ್ಣಂದು.”

“ಹಾಡ್ತಿದ್ದೋನು ತಮ್ಮ ಅಲ್ವಾ?”

“ಹೂಂ. ಕೆಲಸ ಇಲ್ದೆ ಅಲೀತಿದ್ದ ಹುಡುಗ್ರು. ಒಟ್ಟಿಗಿದ್ದಾಗ ಎಷ್ಟು ಹಿಟ್ ಕೊಟ್ರು. ಈಗ ಅಣ್ಣ ತಮ್ಮ ಇಬ್ರೂ ಬೇರೆ ಬೇರೆ ತಂಡ ಕಟ್ಕೊಂಡು, ಅದೇ ಹೆಸರಲ್ಲಿ ಅವೇ ಹಾಡು ಹಾಡ್ತಾ ಊರೂರು ತಿರುಗ್ತಾರೆ. ಹೆಸರಿಗೋಸ್ಕರ ಕೋರ್ಟಿಗೂ ಹೋದ್ರು.”

“ಹೆಸರು ಬಿಟ್ರೆ ಟಿಕೆಟ್ ಯಾರು ತಗೋತಾರೆ?”

ಗಂಡ ಪೇಪರ್ ಮಡಚಿಟ್ಟ.

“ಡೈವೋರ್ಸ್ ಆದ್ಮೇಲೂ ನನ್ನ ಹೆಸರು ಬಿಡಲ್ಲ ಅಂದ್ಯಂತೆ.”

“ಇಪ್ಪತ್ತು ವರ್ಷದಿಂದ ಕ್ಲಿನಿಕ್ ಬೋರ್ಡ್ ಮೇಲಿದೆ, ರೀ. ಪೇಷಂಟ್‌ಗಳಿಗೆ ನಾನು ಡಾಕ್ಟರ್ ರಮಾನಂದ. ಸುಮತಿ ಅಂದ್ರೆ ಯಾರಿಗೂ ಗೊತ್ತಾಗಲ್ಲ.”

“ಇಟ್ಕೋ. ಅದಕ್ಕೂ ಜಗಳ ಆಡೋಕೆ ನನ್ನ ಕೈಲಾಗಲ್ಲ.”

“ನನಗೂ ಸಾಕಾಗಿದೆ.”

“ಆ ತಂಡದ ಕ್ಯಾಸೆಟ್‌ಗಳು?”

“ನೀವೇ ಇಟ್ಕೊಳ್ಳಿ. ಟೇಪ್ ರೆಕಾರ್ಡರ್ ಕೆಟ್ಟು ಯಾವ ಕಾಲ ಆಯ್ತು.”

ಸುಮತಿ ಕೈ ಚಾಚಿ ಮಡಚಿಟ್ಟ ಪೇಪರ್ ಎತ್ತಿಕೊಂಡಳು.

“ಶೋಗೆ ಹೋಗ್ತೀರಾ?”

“ಒಬ್ನೇ ಹೋಗಿ ಏನ್ಮಾಡ್ಲಿ?”

ಒಳಗಿನ ಬಾಗಿಲು ತೆರೆಯಿತು. ವಕೀಲರ ಸಹಾಯಕಿ ಹೊರಗೆ ಇಣುಕಿ, “ರಮಾನಂದ, ಕರಿಬು,” ಎಂದು ಸ್ವಾಹಿಲಿಯಲ್ಲಿ ಒಳಗೆ ಕರೆದಳು.

ಇಬ್ಬರೂ ಒಟ್ಟಿಗೆ ಎದ್ದರು.