ಏರಿ ಮೇಲಿನ ಸಿಲ್ವರ್ ಓಕ್

ಇಲ್ಲ ಅತ್ತಿಗೆ, ಏರಿ ಸೋರೋದು ನಾನಾಗಿ ಕಂಡುಹಿಡಿದದ್ದಲ್ಲ. ನನಗೆ ಮೊದಲು ಹೇಳಿದ್ದು ರಾಜಾಮಣಿ. ಕೆರೆ ಏರಿಯ ಬುಡದಲ್ಲಿ ಕ್ಯಾರೆಟ್ ಹಾಕಿದ್ದಾಳಲ್ಲ, ಅವಳೇ. ಮೊನ್ನೆ ಮಳೆ ಬಿಟ್ಟ ಮೇಲೆ ಬಂದು ಬಾಗಿಲಲ್ಲಿ ನಿಂತು, 'ಕವಿತಕ್ಕಾ, ನಿಮ್ಮ ಕೆರೆ ಸಂಘದವರು ನನ್ನ ಹೊಲಕ್ಕೆ ಹಾಲು ಹಾಕಿದ ಟೀ ಬಿಡ್ತಾ ಇದ್ದೀರಿ, ಸಕ್ಕರೆ ಹಾಕೋದು ಮಾತ್ರ ಮರೆತಿದ್ದೀರಿ' ಅಂದಳು!

ಯಾಕೆ, ನಗು ಬರಲಿಲ್ವಾ? ರಾಜಾಮಣಿ ಮಾತಿಗೆ ನೀನು ನಗದೆ ಇದ್ದದ್ದು ಯಾವತ್ತು? ನಾನಂತೂ ನಕ್ಕೆ. ನಗ್ತಾ ನಗ್ತಾನೇ ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಹೋದೆ. ಹೋಗಿ ನೋಡಿದ ಮೇಲೆ ನಗು ನಿಂತಿತು.

ಆ ಮೊರ ಈಚೆ ತಳ್ಳು, ನಾನೂ ಎರಡು ಬೆಳ್ಳುಳ್ಳಿ ಬಿಡಿಸ್ತೀನಿ. ಬಿತ್ತನೆಗೆ ತಾನೇ? ದಪ್ಪ ಎಸಳು ಈ ಕಡೆ, ಸಣ್ಣದು ಸಾರಿಗೆ. ಗೊತ್ತು, ಗೊತ್ತು. ಒಂದೇ ಕೈ ಸಾಕು ಬಿಡು ನನಗೆ. ಇನ್ನೊಂದು ಶಾಲಿನೊಳಗೇ ಇರಲಿ, ಚಳಿ. ಏನು ಹಾಗೆ ನೋಡ್ತೀಯ? ನಲವತ್ತು ದಾಟಿದವರಿಗೆ ಚಳಿ ಒಂದು ಕೈಗೆ ಮೊದಲು ಬರುತ್ತೆ, ಇನ್ನೊಂದು ಕೈಗೆ ಆಮೇಲೆ ಬರುತ್ತೆ. ನಿನಗೆ ಗೊತ್ತಿಲ್ವಾ!

ಬೆಳಿಗ್ಗೆ ಆ ಮೆಷಿನ್ ಗರಗಸದ ಸದ್ದು ಕೇಳಿಸ್ತಾ? ಅದು... ಅದು ಎಸ್ಟೇಟಿನವರದು. ಆಚೆ ಗುಡ್ಡದಲ್ಲಿ ನೆರಳಿನ ಮರ ಸವರ್ತಾ ಇದ್ದಾರೆ. ಬೇರೇನಲ್ಲ.

ಎಲ್ಲಿದ್ದೆ? ಹಾಂ, ನೀರು. ಮಣ್ಣಿನ ಏರಿ ಅಂದ ಮೇಲೆ ಅಷ್ಟಿಷ್ಟು ಒಸರೇ ಒಸರುತ್ತೆ. ಅಪ್ಪನ ಕಾಲದಿಂದ ಒಸರುತ್ತೆ. ಆದರೆ ತಿಳಿಯಾಗಿ ಒಸರುತ್ತಿತ್ತು, ಬೊಗಸೆಯಲ್ಲಿ ಹಿಡಿದು ಕುಡಿಯೋ ಹಾಗೆ. ಈಗ ಬರ್ತಾ ಇರೋದು ಕೆಂಪು ನೀರು. ಕೆಂಪು ಅಂದರೆ, ನೀರಿನ ಜೊತೆ ಏರಿಯ ಮಣ್ಣೂ ಹೊರಗೆ ಬರ್ತಾ ಇದೆ. ಒಳಗೆ ಎಲ್ಲೋ ದಾರಿ ಆಗಿದೆ. ಇವತ್ತು ಬೆರಳು ಹೋಗೋ ದಾರಿ, ನಾಳೆ ಕೈ ಹೋಗೋ ದಾರಿ, ಆಮೇಲೆ... ಏರಿಯ ಕೆಳಗೆ ಬಾಲವಾಡಿ ಇದೆ, ಅತ್ತಿಗೆ. ಆ ಮಕ್ಕಳು ಮಧ್ಯಾಹ್ನ ಉಂಡು ಸಾಲಾಗಿ ಮಲಗಿರ್ತವೆ. ಸಾಕು. ಮುಂದಿನದು ಹೇಳಲ್ಲ.

ತೂಬು ತೆಗೆದು ಮೊದಲು ನೀರು ಇಳಿಸೋಣ ಅಂದೆ. ಅಯ್ಯೋ, ಸಂಘದ ಮೀಟಿಂಗ್ ನೀನು ನೋಡಬೇಕಿತ್ತು! ಮಾಸಿ ತಿಂಗಳಲ್ಲಿ, ಮಳೆ ಇಲ್ಲದಾಗ, ಕ್ಯಾರೆಟ್ಟಿಗೆ ನೀರು ಎಲ್ಲಿಂದ ತರೋದು, ನಿನ್ನ ಮನೆ ಟ್ಯಾಂಕಿಗೆ ಪೈಪು ಹಾಕ್ತೀವಿ ಅಂದರು. ಹಾಕಿ ಅಂದೆ, ಅದೂ ಸೋರುತ್ತೆ ಅಂದೆ. ಕಾರ್ಯದರ್ಶಿ ಅಂತ ನನ್ನನ್ನು ಕೂರಿಸಿರೋದೇ ಬೈಸಿಕೊಳ್ಳೋದಕ್ಕೆ. ಕೊನೆಗೆ ಅರ್ಧ ಕೆರೆ ಇಳಿಸೋದು ಅಂತ ಒಪ್ಪಿದರು. ಅವತ್ತಿನಿಂದ ತೂಬು ತೆರೆದೇ ಇದೆ.

ಆಮೇಲೆ ರಂಗನಾಥನ್ ಸಾರ್ ಬಂದರು. ರಿಟೈರಾದ ಇಂಜಿನಿಯರ್, ಕುನ್ನೂರಿನವರು. ಛತ್ರಿ ಊರಿಕೊಂಡು ಏರಿ ಉದ್ದಕ್ಕೂ ನಡೆದರು. ಒಂದು ಕಡೆ ನಿಂತು, 'ಈ ಮರ ಇಲ್ಲಿ ಯಾರಮ್ಮಾ ಹಾಕಿದ್ದು?' ಅಂದರು.

...ಯಾವ ಮರ ಅಂತ ನೀನು ಕೇಳಲ್ವಾ?

ಸರಿ. ಏರಿ ಮೇಲೆ ಇರೋದೇ ಒಂದು ಮರ. ಕೇಳೋದೇನು.

ಸಿಲ್ವರ್ ಓಕ್ ಬೇರು ಏರಿಯ ಹೊಟ್ಟೆಯೊಳಗೆ ಇಳಿದಿದೆ, ಅದರ ಗುಂಟ ನೀರು ದಾರಿ ಮಾಡಿಕೊಂಡಿದೆ ಅಂದರು. ಮರ ಕಡಿದರೆ ಸಾಲದಂತೆ. ಬೇರು ಒಳಗೇ ಕೊಳೆತರೆ ಆ ಜಾಗವೇ ಪೈಪಾಗುತ್ತಂತೆ. ಅಗೆದು, ಬೇರೆಲ್ಲ ಕಿತ್ತು, ಜೇಡಿಮಣ್ಣು ಪದರ ಪದರವಾಗಿ ಹಾಕಿ ಗುದ್ದಬೇಕಂತೆ. ಆಮೇಲೆ ಛತ್ರಿಯ ತುದಿಯಿಂದ ಬುಡದಲ್ಲಿ ಚುಚ್ಚಿ ನೋಡಿ, 'ಇಲ್ಲಿ ಮಣ್ಣು ಸಡಿಲ ಇದೆ, ಹಿಂದೆ ಯಾರೋ ಗುಂಡಿ ತೋಡಿದ ಹಾಗಿದೆ' ಅಂದರು. 'ಇಲಿ ಬಿಲ ಇರಬೇಕು ಸಾರ್' ಅಂದೆ ನಾನು. ಬಾಟನಿ ಡಿಗ್ರಿ ಮಾಡಿದವಳ ಬಾಯಲ್ಲಿ ಇಲಿ ಬಿಲ!

ಇನ್ನೇನು ಹೇಳಲಿ ಅತ್ತಿಗೆ? ಸರವಣನ ಕಥೆ ಹೇಳಲಾ? ಕೊರೋನಾದಲ್ಲಿ ನಿನ್ನ ಮಗನನ್ನು ಕೊಯಮತ್ತೂರಿಗೆ ಕರಕೊಂಡು ಹೋದೆವು, ತಿರುಗಿ ಬಂದದ್ದು ಒಂದು ಪ್ಲಾಸ್ಟಿಕ್ ಕವರು ಅಂತ ಹೇಳಲಾ? ಅದರೊಳಗೆ ಫೋನು, ಬೆಲ್ಟು, ಕೊರಳಿಂದ ತೆಗೆದ ಲಿಂಗದ ಕರಡಿಗೆ. ಮಣ್ಣಿಗೆ ಕೊಡೋ ಜನ ನಾವು. ಅವನನ್ನು ಅಲ್ಲೇ ಕರೆಂಟಿನ ಒಲೆಗೆ ಹಾಕಿದರು, ಮುಖ ಕೂಡ ತೋರಿಸಲಿಲ್ಲ. ಲಿಂಗವನ್ನಾದರೂ ಸಮಾಧಿ ಮಾಡೋಣ ಅಂದರೆ ಅಯ್ಯನವರು, 'ಅಂಗೈಯಲ್ಲಿಟ್ಟು ಮಣ್ಣಿಗೆ ಕೊಡಬೇಕಮ್ಮಾ, ಅಂಗೈ ಎಲ್ಲಿದೆ?' ಅಂದರು. ಪಾಪ, ಅವರೂ ಅಳ್ತಾ ಇದ್ದರು. ನೀನು ಅಳಲಿಲ್ಲ. 'ಮರದ ಕೈಗೆ ಕೊಡ್ತೀನಿ' ಅಂದೆ.

ತೂಬಿನ ಕೀಲಿ ಜೇಬಲ್ಲಿಟ್ಟುಕೊಂಡು ಅವನು ಹಗಲೆಲ್ಲ ಇರ್ತಾ ಇದ್ದದ್ದು ಆ ಏರಿ ಮೇಲೆ. ಅದಕ್ಕೇ ಅಲ್ಲೇ ಆಗಲಿ ಅಂದಿರಿ. ಅಣ್ಣ ಸೊಂಟದ ಆಳಕ್ಕೆ ತೋಡಿದ. ಕರಡಿಗೆ ಒಳಗಿಟ್ಟದ್ದು ನೀನು, ಸಸಿ ತಂದದ್ದು ನಾನು. ಊರೇ ನಿಂತು ನೋಡಿತು. ನೀರು ನಿಲ್ಲಿಸೋ ಗೋಡೆಗೆ ತೂತು ಹೊಡೀತಾ ಇದ್ದೀವಿ ಅಂತ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಆ ದಿನ ಯಾರು ಬಾಯಿ ಬಿಡ್ತಾರೆ?

ಅದಕ್ಕೇ ಬಂದೆ. ಕೇಳಿಕೊಂಡು ಹೋಗೋಣ ಅಂತ. ನೀನು ಒಂದು ಮಾತು ಹೇಳಿದರೆ... ಮರ ತೆಗೆಸೋಣ. ಲಿಂಗವನ್ನು ಜೋಪಾನವಾಗಿ ತೆಗೆದು ಅಪ್ಪನ ಸಮಾಧಿ ಪಕ್ಕದಲ್ಲಿ ಇಡೋಣ. ಅಯ್ಯನವರನ್ನು ಕರೆಸೋಣ. ಎಲ್ಲಾ ಕ್ರಮವಾಗಿ ಮಾಡೋಣ. ಹೂಂ ಅನ್ನು ಅತ್ತಿಗೆ.

ಇಲ್ಲಾಂದರೆ ಬೈದುಬಿಡು. ನೀನು ಈ ಮನೆಗೆ ಸೊಸೆಯಾಗಿ ಬಂದಾಗ ನಾನು ಎಂಟನೇ ಕ್ಲಾಸು. ಎಷ್ಟು ಬೈದಿದ್ದೀಯ, ಜಡೆ ಹಿಡಿದು ಎಳೆದಿದ್ದೀಯ! ಈಗಲೂ ಎಳಿ.

ಏನಾದರೂ ಅನ್ನು. ಯಾವತ್ತು ಕಡೀತೀರಿ ಅಂತನಾದರೂ ಕೇಳು...

ಯಾಕೆ ಕೇಳಲ್ಲ?

...ನಿನ್ನ ಸೆರಗಿನಲ್ಲಿ ಅದೇನು? ಬೆಳ್ಳುಳ್ಳಿ ಸಿಪ್ಪೆ ಅಲ್ಲ ಅದು. ಮರದ ಪುಡಿ. ಹಸಿ ಮರದ ಪುಡಿ. ಅಯ್ಯೋ... ಕಾಲೆಲ್ಲ ಕೆಂಪು ಮಣ್ಣು.

ನೀನು ಹೋಗಿ ಬಂದಿದ್ದೀಯ.

ನಾನು ಇಲ್ಲಿ ಕೂತು ಎಸ್ಟೇಟು ಅಂತ, ನೆರಳಿನ ಮರ ಅಂತ... ನೀನು ಎಲ್ಲಾ ಗೊತ್ತಿದ್ದೂ ಬೆಳ್ಳುಳ್ಳಿ ಬಿಡಿಸ್ತಾ ಕೂತಿದ್ದೀಯಲ್ಲ! ನನ್ನನ್ನು ಇಷ್ಟು ಮಾತಾಡೋಕೆ ಯಾಕೆ ಬಿಟ್ಟೆ?

ಹೌದು. ಕಡಿಸಿದೆ. ರಾತ್ರಿ ಮತ್ತೆ ದೊಡ್ಡ ಮಳೆ ಅಂತ ಎಚ್ಚರಿಕೆ ಬಂದಿದೆ. ನಾಳೆಗೆ ಇಡೋ ಹಾಗಿರಲಿಲ್ಲ. ಊರಲ್ಲಿ ಒಬ್ಬನೂ ಆ ಮರಕ್ಕೆ ಕೈ ಹಚ್ಚಲ್ಲ ಅಂದ. ಸರವಣನನ್ನು ನೋಡದವನೇ ಬೇಕು ಅಂತ ಮೋಯಾರ್ ಕಡೆಯಿಂದ ಮರ ಕಡಿಯೋ ಭೀಮನನ್ನು ಕರೆಸಿದೆ. ಅವನೂ ಕಾಂಡದ ಮೇಲಿನ ವಿಭೂತಿ ನೋಡಿ ಗರಗಸ ಆರಿಸಿಬಿಟ್ಟ. 'ವೇಂಡಾಮ್ಮಾ, ಬೇಡ, ಇಲ್ಲಿ ಯಾರೋ ಇದ್ದಾರೆ' ಅಂದ. ಇದ್ದಾನೆ ಕಣಪ್ಪಾ, ನನ್ನ ಅಳಿಯ ಇದ್ದಾನೆ, ಅವನೇ ಕಡೀ ಅಂತಾನೆ, ಕೆಳಗೆ ಮಕ್ಕಳಿದಾರೆ ಅಂದೆ. ಸುಳ್ಳೋ ನಿಜವೋ... ಅವನಿದ್ದಿದ್ದರೆ ಹಾಗೇ ಅಂತಿದ್ದ, ಅಲ್ವಾ? ಅಂತಿದ್ದ ತಾನೇ?

ನಿನ್ನನ್ನು ಯಾಕೆ ಮೊದಲೇ ಕೇಳಲಿಲ್ಲ ಅಂತ ನೋಡ್ತಾ ಇದ್ದೀಯ. ನೀನು ಬೇಡ ಅಂದಿದ್ದರೆ ನನ್ನ ಕೈಲಿ ಆಗ್ತಿರಲಿಲ್ಲ, ಅದಕ್ಕೆ. ಅಷ್ಟೇ. ಬೇರೆ ಕಾರಣ ಇಲ್ಲ.

ಅತ್ತಿಗೆ... ಕೈ ಬಿಡು. ಶಾಲು ಎಳೀಬೇಡ. ತೋರಿಸ್ತೀನಿ, ನಾನೇ ತೋರಿಸ್ತೀನಿ. ತೊಳೆದಿಲ್ಲ, ತೊಳೆಯೋ ಧೈರ್ಯ ಬರಲಿಲ್ಲ. ಅಗೆದವರು ಕೂಗಿದಾಗ ನಾನೇ ಗುಂಡಿಗೆ ಇಳಿದೆ. ಕರಡಿಗೆ ಹಾಗೇ ಇತ್ತು. ಸುತ್ತ ಬೇರು ಹಿಡಿದುಕೊಂಡಿತ್ತು. ಬೆರಳಿನ ಹಾಗೆ. ಐದು ಅಂತ ಹೇಳಲ್ಲ, ಎಣಿಸಲಿಲ್ಲ ನಾನು. ಆದರೆ ಹಿಡಿದಿತ್ತು, ಅತ್ತಿಗೆ. ಗಟ್ಟಿಯಾಗಿ ಹಿಡಿದಿತ್ತು. ನೀನು ಕೊಟ್ಟದ್ದನ್ನು ಬಿಟ್ಟಿರಲಿಲ್ಲ. ಮೆಲ್ಲಗೆ ಎಳೆದೆ, ಬಿಡಲಿಲ್ಲ. ಕೊನೆಗೆ ಕತ್ತಿ ತಗೊಂಡು... ಒಂದೊಂದಾಗಿ... ನಾನೇ ಕೊಯ್ದೆ. ಈ ಕೈಯಿಂದ. ಎತ್ತಿಕೊಂಡಾಗ ಮುಚ್ಚಿದ ಮುಷ್ಟಿ ಈವರೆಗೂ ಬಿಚ್ಚಿಲ್ಲ. ಚಳಿ ಅಲ್ಲ ಅದು. ಬಿಚ್ಚೋಕೆ ಆಗ್ತಾ ಇಲ್ಲ.

ನೀನೇ ಬಿಡಿಸು. ಹಾಂ... ಮೆಲ್ಲಗೆ.

ತಗೊ.

ಅಂಗೈಯಲ್ಲೇ ಇದೆ ನೋಡು.

ಅಲ್ಲಿ ಜೇಡಿಮಣ್ಣು ತುಂಬ್ತಾ ಇದ್ದಾರೆ. ಗುದ್ದೋ ಸದ್ದು ಕೇಳಿಸ್ತಾ ಇದೆಯಲ್ಲ, ಅದೇ. ಕತ್ತಲಾಗೋದರೊಳಗೆ ಮುಗಿಸ್ತಾರೆ. ಬಾಲವಾಡಿಗೆ ಇವತ್ತು ರಜ ಹೇಳಿದ್ದೀನಿ, ಕೆಳಗಿನ ಮನೆಯವರನ್ನೂ ಸ್ಕೂಲಿಗೆ ಕಳಿಸಿದ್ದೀನಿ. ಎಲ್ಲರಿಗೂ ಹೇಳಿ ಆಯ್ತು. ಒಬ್ಬರಿಗೆ ಬಿಟ್ಟು.

ಅಣ್ಣ ಮೇಟುಪಾಳ್ಯಂ ಮಂಡಿಯಿಂದ ಸಂಜೆ ಬಸ್ಸಿಗೆ ಬರ್ತಾನೆ. ಇಳಿದವನು ಏರಿ ಮೇಲೇ ನಡೆದು ಬರೋದು. ಏನು ಮಾಡ್ತಾನೆ ಅಂತ ನಿನಗೇ ಗೊತ್ತು. ದಿನಾ ಮರಕ್ಕೆ ಕೈಯಿಟ್ಟು 'ಬಂದೆ ಕಣೋ' ಅಂತಾನೆ. ಮಂಜು ಕವಿದಿರುತ್ತೆ, ಮರ ಇದೆಯೋ ಇಲ್ಲವೋ ದೂರದಿಂದ ಕಾಣಲ್ಲ. ಹತ್ತಿರ ಬಂದು ಕೈ ಚಾಚ್ತಾನೆ, ಅತ್ತಿಗೆ...

ನನ್ನಿಂದ ಆಗಲ್ಲ. ನಿನಗೇ ನೆಟ್ಟಗೆ ಹೇಳೋಕೆ ಆಗಲಿಲ್ಲ ನನಗೆ, ನೋಡಿದೆಯಲ್ಲ.

ಎಲ್ಲಿಗೆ ಎದ್ದೆ? ಛತ್ರಿ ತಗೊ. ನನ್ನ ಶಾಲೂ ಹೊದ್ದುಕೊ. ನೀನೇ ಹೇಳು ಅತ್ತಿಗೆ. ಬಸ್ಸಿನ ಬಾಗಿಲಲ್ಲೇ ಹೇಳು. ಅವನು ಏರಿ ಹತ್ತೋ ಮೊದಲು ಹೇಳು.