ಚಿಕ್ಕವೆಂಕಟಪ್ಪನವರ ಕೈಗೆ ಒಗ್ಗಿದ ಬ್ರಷ್ಷು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ಮುನಿರಾಜ್ ಅವರೇ, ಮುಖ್ಯೋಪಾಧ್ಯಾಯಿನಿ ಸುಮಿತಾ ಮೇಡಂ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಶಾಮಿಯಾನದ ನೆರಳು ಸಾಲದೆ ಬಿಸಿಲಿನಲ್ಲೇ ಕುಳಿತಿರುವ ಸಭಿಕರೇ, ಮುದ್ದು ಮಕ್ಕಳೇ,

ಶಾಲೆಯ ಅರವತ್ತನೇ ವರ್ಷಕ್ಕೆ ಹೊಸ ಕಮಾನು ಕಟ್ಟಿಸಿದ್ದೀರಿ. ಅದರ ಮೇಲಿನ ಅಕ್ಷರಗಳಿಗಾಗಿ, ಬಂಗಾರಪೇಟೆಯಲ್ಲಿ ಪುಟ್ಟದೊಂದು ಡಿಸೈನ್ ಅಂಗಡಿ ಇಟ್ಟುಕೊಂಡಿರುವ ಇಂದ್ರಾಣಿ ಎಂಬ ನನಗೆ ಶಾಲು ಹೊದಿಸಿದ್ದೀರಿ. ಶಾಲು ಬಹಳ ಚೆನ್ನಾಗಿದೆ, ವಾಪಸ್ ಕೊಡುವ ಮಾತೇ ಇಲ್ಲ. ಆದರೆ ಆ ಅಕ್ಷರ ನನ್ನದಲ್ಲ. ಅದನ್ನು ಬರೆದವರು ಎರಡನೇ ಸಾಲಿನ ಕೊನೆಯ ಕುರ್ಚಿಯಲ್ಲಿ, ಹೆಂಡತಿ ಪಾಪಕ್ಕನವರ ಪಕ್ಕ ಕುಳಿತಿದ್ದಾರೆ. ಅವರೇ ಚಿಕ್ಕವೆಂಕಟಪ್ಪನವರು. ವೆಂಕಟಪ್ಪಣ್ಣ, ತಲೆ ತಗ್ಗಿಸಬೇಡಿ, ಎಲ್ಲರೂ ನೋಡಲಿ.

ಇಲ್ಲಿರುವ ಹಿರಿಯರಿಗೆ ಅವರನ್ನು ಪರಿಚಯಿಸಬೇಕೆ? ನಿಮ್ಮ ಹಾಲಿನ ಕ್ಯಾನುಗಳ ಮೇಲೆ ನಿಮ್ಮ ಹೆಸರು ಬರೆದವರು ಯಾರು? ನಿಮ್ಮ ಟ್ರ್ಯಾಕ್ಟರುಗಳ ಹಿಂದೆ ಮನೆದೇವರ ಹೆಸರು ಬರೆದವರು ಯಾರು? ರಾಬರ್ಟ್‌ಸನ್‌ಪೇಟೆಯಲ್ಲಿ ಒಂದೇ ಏಣಿಯ ಮೇಲೆ ನಿಂತು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೋರ್ಡು ಬರೆದವರು ಯಾರು? ಆಮೇಲೆ ಫ್ಲೆಕ್ಸ್ ಬಂತು. ತಾನಾಗಿ ಬರಲಿಲ್ಲ, ಅದನ್ನು ತಂದವರಲ್ಲಿ ನಾನೂ ಒಬ್ಬಳು. ನಾನು ಅಂಗಡಿ ತೆರೆದ ತಿಂಗಳಲ್ಲೇ ವೆಂಕಟಪ್ಪಣ್ಣ ಬಂದರು. ಜಗಳಕ್ಕೇ ಬಂದರೆಂದು ನಾನು ಎದ್ದು ನಿಂತೆ. ಅವರ ಹಿಂದೆ ಒಬ್ಬ ಜವಳಿ ಅಂಗಡಿಯವರಿದ್ದರು, ಇಪ್ಪತ್ತು ವರ್ಷದಿಂದ ಅವರ ಗಿರಾಕಿ. "ಇವ್ರಿಗೆ ನಾಳಿಕ್ಕೇ ಬೇಕಂತೆ, ನನ್ ಕೈಲಿ ಆಗಲ್ಲ. ನೀನ್ ಮಾಡ್ಕೊಡಮ್ಮ. ಅಕ್ಷರ ಮಾತ್ರ ಒತ್ತೊತ್ತಾಗಿ ತುರುಕ್ಬೇಡ, ಉಸಿರಾಡಕ್ಕೆ ಜಾಗ ಬಿಡು" ಎಂದರು. ನನ್ನ ಮೊದಲ ದೊಡ್ಡ ಆರ್ಡರು ಅದು. ಅವತ್ತು ನಾನು ಅವರನ್ನು ಕೂರಿ ಎಂದು ಕೂಡ ಹೇಳಲಿಲ್ಲ. ಗಾಬರಿಯಲ್ಲಿ ಮರೆತೆ ಎಂದುಕೊಂಡಿದ್ದೇನೆ.

ಎರಡು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಮರಳಿತು, ನಡಿಗೆ ಮರಳಿತು, ಬಲಗೈ ಮಾತ್ರ ನಡುಗುತ್ತಲೇ ಉಳಿಯಿತು. ಈ ಶಾಲೆಯ ಹಳೆಯ ಗೋಡೆಯ ಮೇಲಿದ್ದ ಹೆಸರು ಅವರ ಬರಹ. ಹೊಸ ಕಮಾನಿಗೂ ತಾವೇ ಬರೆಯಬೇಕೆಂದು ಅವರಿಗೆ ಆಸೆ, ಆದರೆ ಏಣಿ ಹತ್ತುವಂತಿಲ್ಲ. ಮುನಿರಾಜ್ ಅವರು ಬಂದು, "ನಿಮ್ ಕಂಪ್ಯೂಟ್ರಲ್ಲಿ ಆವಯ್ಯನ ಕೈಲೇ ಬರ್ಸಕ್ಕಾಗ್ತದಾ?" ಎಂದು ಕೇಳಿದರು. ನಾನು ಜಂಬದಿಂದ ಆಗುತ್ತದೆ ಎಂದೆ.

ಗಾಜಿನ ಪರದೆಯ ಮೇಲೆ ಪೆನ್ನಿನಿಂದ ಬರೆಯುವ ಟ್ಯಾಬ್ಲೆಟ್ ನನ್ನಲ್ಲಿದೆ. ಅದರಲ್ಲಿ ನೂರಾರು ಬ್ರಷ್ಷುಗಳಿವೆ, ಒಂದೂ ಅವರಿಗೆ ಹಿಡಿಸಲಿಲ್ಲ. ಅಂಗಡಿಯ ಬ್ರಷ್ಷನ್ನು ಅವರು ಯಾವತ್ತಾದರೂ ಹಾಗೇ ಬಳಸಿದ್ದುಂಟೇ? ಬ್ಲೇಡಿನಿಂದ ಕೂದಲನ್ನು ಓರೆಯಾಗಿ ಕತ್ತರಿಸಿ, ಕೈಗೆ ಒಗ್ಗಿಸಿಕೊಂಡೇ ಬಳಸುತ್ತಿದ್ದರು. ನಾನೂ ಸೆಟ್ಟಿಂಗ್ಸ್ ತೆರೆದು ಅದನ್ನೇ ಮಾಡಿದೆ. ತುದಿಯನ್ನು ಚಪ್ಪಟೆ ಮಾಡಿದೆ. ನಲವತ್ತು ಡಿಗ್ರಿ ಓರೆ ಮಾಡಿದೆ. ಒತ್ತಿದರೆ ಗೆರೆ ದಪ್ಪವಾಗುವುದನ್ನು ತೆಗೆದೆ. "ಬಣ್ಣ ತೀರ್ತಾನೇ ಇಲ್ವಲ್ಲಮ್ಮ, ಇದೆಂಥಾ ಬಣ್ಣ?" ಎಂದರು. ಗೆರೆಯ ಕೊನೆಗೆ ಬಣ್ಣ ತೆಳುವಾಗುವಂತೆ ಮಾಡಿದೆ. ಆಗ ಖುಷಿಯಾಗಿ, ಅಭ್ಯಾಸಬಲದಿಂದ ಪೆನ್ನನ್ನು ನನ್ನ ಟೀ ಲೋಟದಲ್ಲಿ ಅದ್ದಲು ಹೋದರು. ಲೋಟವನ್ನು ಸರಕ್ಕನೆ ಎಳೆದುಕೊಂಡೆ. ನಗಿ, ನಗಿ, ಅವರೂ ನಗುತ್ತಿದ್ದಾರೆ.

ಇನ್ನು ಉಳಿದದ್ದು ನಡುಕ. ಅದಕ್ಕೆ ಸ್ಟೆಬಿಲೈಸರ್ ಎಂಬ ಸೆಟ್ಟಿಂಗ್ ಇದೆ. ಫ್ರಿಜ್ಜಿನ ಪಕ್ಕ ಇರುವುದಲ್ಲ ಮಕ್ಕಳೇ, ಇದು ಬೇರೆ. ಸೊನ್ನೆಯಿಂದ ನೂರರವರೆಗೆ ಹೆಚ್ಚಿಸಿದಷ್ಟೂ ಕೈಯ ನಡುಕವನ್ನು ನುಂಗಿ ಗೆರೆಯನ್ನು ನಯ ಮಾಡುತ್ತದೆ. ನಾನು ತೊಂಬತ್ತಕ್ಕೆ ಇಟ್ಟೆ. ಬಂದ ಅಕ್ಷರ ನೋಡಿ ಚಪ್ಪಾಳೆ ತಟ್ಟಿದೆ. ಅವರು ಪೆನ್ನು ಕೆಳಗಿಟ್ಟರು. "ಇದು ನಾನ್ ಬರ್ದಿದ್ದಲ್ಲ ಕಣಮ್ಮ, ನಿನ್ ಮಿಷಿನ್ ಬರ್ದಿದ್ದು. ಮಾರಿಕುಪ್ಪಂ ಟ್ರೇನ್ ಟೈಮಾಯ್ತು, ಓಗ್ತೀನಿ" ಎಂದು ಹೊರಟೇಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಸಹಾಯ ಮಾಡಹೋದವಳ ಮುಂದೆ ಇಷ್ಟು ಬಿಗುಮಾನವೇ ಎಂದುಕೊಂಡೆ.

ಮಾರನೆಯ ದಿನ ಅವರ ಮನೆಗೆ ಹೋಗಿ, ಬರೆಯುವಾಗ ತೆಗೆದ ವಿಡಿಯೋವನ್ನು ಪಾಪಕ್ಕನವರಿಗೆ ತೋರಿಸಿ ದೂರು ಹೇಳಿದೆ. ಅವರು ನೋಡಿದವರೇ ನಕ್ಕರು. "ಅಯ್ಯೋ, ಕೈನ ಗಾಜಿಗ್ ತಾಕಿಸ್ದೆ ಬರೀತಾವ್ರಲ್ಲ! ಅಸಿ ಬಣ್ಣಕ್ಕೆ ಕೈ ತಾಕಿದ್ರೆ ಅಳಿಸೋಗ್ತದೆ ಅಂತ. ಕೋಲು ಕೊಡ್ಲಿಲ್ವೇನಮ್ಮ ನೀನು?" ನಲವತ್ತು ವರ್ಷ ಹಸಿ ಬಣ್ಣ ಮುಟ್ಟದ ಕೈ ಒಣ ಗಾಜನ್ನೂ ಮುಟ್ಟಿರಲಿಲ್ಲ. ಗಾಳಿಯಲ್ಲಿ ತೂಗುವ ಕೈ ನಡುಗದೆ ಏನು ಮಾಡೀತು? ಪಾಪಕ್ಕ ಅಟ್ಟದಿಂದ ಬಿದಿರು ಕೋಲು ಇಳಿಸಿಕೊಟ್ಟರು. ತುದಿಗೆ ಬಟ್ಟೆಯ ಉಂಡೆ ಕಟ್ಟಿದ ಕೋಲು ಅದು. ಎಡಗೈಯಲ್ಲಿ ಹಿಡಿದು ಬಲಗೈಯ ಮಣಿಕಟ್ಟನ್ನು ಅದರ ಮೇಲೆ ಊರಬೇಕು. ನಾನು ಒಯ್ದಿದ್ದ ಟ್ಯಾಬ್ಲೆಟ್ಟಿನ ಮುಂದೆ ವೆಂಕಟಪ್ಪಣ್ಣ ಹಾಗೇ ಊರಿದರು. ಸ್ಟೆಬಿಲೈಸರನ್ನು ನಾನು ಹದಿನೆಂಟಕ್ಕೆ ಇಳಿಸಿದೆ. ಬರೆದು ಮುಗಿಸಿ, ದೂರದಿಂದ ನೋಡಿ, "ಊಂ, ಇದು ನಂದು" ಎಂದರು. ನನಗೆ ಕಣ್ಣು ತುಂಬಿ ಬಂತು. ಪಾಪಕ್ಕ, ನಿಮಗೂ ನಾನು ಕೃತಜ್ಞಳು.

ನಾನು ಬರೆದುಕೊಂಡು ಬಂದ ಚೀಟಿಯಲ್ಲಿ ಇಷ್ಟೇ ಇದೆ. ಇಲ್ಲಿಗೇ ಮುಗಿಸಿ ಕೂರಬಹುದಿತ್ತು.

ಬೋರ್ಡು ಬರೆಯುವವರಲ್ಲಿ ಒಂದು ಪದ್ಧತಿಯಿದೆ. ಕೆಲಸ ಮುಗಿದ ಮೇಲೆ ಕೆಳಗಿನ ಮೂಲೆಯಲ್ಲಿ ಚಿಕ್ಕದಾಗಿ ತಮ್ಮ ಹೆಸರು ಹಾಕುತ್ತಾರೆ. ವೆಂಕಟಪ್ಪಣ್ಣನೂ ಹಾಕಿದರು, ಬೇರೆ ಲೇಯರಿನಲ್ಲಿ. ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳಿದ್ದ ಹಾಗೆ, ಬೇಡವಾದದ್ದನ್ನು ಒಂದು ಬೆರಳಿನಲ್ಲಿ ಮರೆಮಾಡಬಹುದು. ತಗಡಿನಲ್ಲಿ ಅಕ್ಷರ ಕತ್ತರಿಸಲು ಫೈಲು ಕಳಿಸುವಾಗ ನಾನು ಅದನ್ನು ಮರೆಮಾಡಿದೆ. ಯಾರೂ ಹೇಳಿರಲಿಲ್ಲ. ಕಮಾನಿನ ಮೇಲೆ ಸಣ್ಣಕ್ಷರ ಚೆನ್ನಾಗಿರುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೇ ವಾರ ಇವತ್ತಿನ ಆಹ್ವಾನ ಪತ್ರಿಕೆ ನನ್ನ ಅಂಗಡಿಯಲ್ಲೇ ಅಚ್ಚಾಯಿತು. ಅದರಲ್ಲಿ 'ಅಕ್ಷರ ವಿನ್ಯಾಸ: ಇಂದ್ರಾಣಿ' ಎಂಬ ಸಾಲು ಸೇರಿಸಿದವಳೂ ನಾನೇ. ಪಾಪ, ಸಮಿತಿಯವರು ಆ ಸಾಲು ನೋಡಿ ಸನ್ಮಾನ ಇಟ್ಟುಕೊಂಡರು.

ಇವತ್ತು ಪರದೆ ಸರಿಸಿದಾಗ ನೀವೆಲ್ಲ ಶಾಲೆಯ ಹೆಸರು ನೋಡಿದಿರಿ. ವೆಂಕಟಪ್ಪಣ್ಣ ಮೂಲೆ ನೋಡಿದರು. ನಾನು ಅವರನ್ನು ನೋಡುತ್ತಿದ್ದೆ. "ಚೆನ್ನಾಗ್ ಬಂದೈತೆ ಕಣಮ್ಮ" ಎಂದರು, ಅಷ್ಟೇ. ಬೈದಿದ್ದರೆ ನಾನು ಈ ಮೈಕಿನ ಮುಂದೆ ಇಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ವೆಂಕಟಪ್ಪಣ್ಣ, ನನ್ನಿಂದ ತಪ್ಪಾಯಿತು.

ಅಧ್ಯಕ್ಷರಲ್ಲಿ ಒಂದು ವಿನಂತಿ. ಕಮಾನಿನ ಬಲಗಂಬದಲ್ಲಿ, ಕುರ್ಚಿಯ ಮೇಲೆ ಕುಳಿತವರ ಕೈಗೆ ಎಟುಕುವಲ್ಲಿ, ಒಂದು ಗೇಣು ಜಾಗ ಕೊಡಬೇಕು. ಮುನಿರಾಜ್ ಅವರು ತಲೆಯಾಡಿಸಿದ್ದಾರೆ, ನೀವೆಲ್ಲ ಸಾಕ್ಷಿ. ಕಪ್ಪು ಬಣ್ಣದ ಡಬ್ಬಿಯೂ ಬ್ರಷ್ಷೂ ನನ್ನ ಬ್ಯಾಗಿನಲ್ಲಿವೆ. ಕಂಬಕ್ಕೆ ಸ್ಟೆಬಿಲೈಸರ್ ಇಲ್ಲ, ಗೆರೆ ನಡುಗಿದರೆ ನಡುಗಲಿ. ಕಂಬದ ಮೇಲೆ ಬರೆದದ್ದನ್ನು ನಾನು ಬೆರಳಿನಲ್ಲಿ ಮರೆಮಾಡುವುದಕ್ಕೂ ಆಗುವುದಿಲ್ಲ. ಊಟಕ್ಕೆ ಮೊದಲು ಬಂದು ನಿಮ್ಮ ಹೆಸರು ಬರೆಯಿರಿ ವೆಂಕಟಪ್ಪಣ್ಣ, ಡಬ್ಬಿ ನಾನು ಹಿಡಿದುಕೊಳ್ಳುತ್ತೇನೆ.

ಬಿಸಿಲಿನಲ್ಲೂ ಏಳದೆ ನನ್ನ ಮಾತು ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.